ಸಿ ಓ ಎಂ ಇ ಕಮ್, ಕಮ್ ಅಂದರೆ ಬಾ

ನಮ್ಮ ಹೆಡ್‌ಮಾಸ್ತರನ್ನು ನಾನು ಚಟ್ಟದ ಮೇಲೆ ಮಲಗಿಸಿದ್ದು 2009ರ ಜುಲೈ 31ರ ಮಧ್ಯಾಹ್ನ, ಶಾಲೆಯ ಅಂಗಳದಲ್ಲಿ, ಶಾಮಿಯಾನದ ಕೆಳಗೆ, ಮೈಕಿನಲ್ಲಿ. ಆಗ ಅವರು ನನ್ನಿಂದ ಮೂರಡಿ ದೂರದಲ್ಲಿ ಮೈಸೂರು ಪೇಟ ತೊಟ್ಟು, ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಮುಟ್ಟಾಗಿ ಕೂತಿದ್ದರು.

ಅದು ಅವರ ನಿವೃತ್ತಿಯ ದಿನ. ಜೀವಮಾನವಿಡೀ ಇಂಗ್ಲಿಷ್ ಪಾಠ ಮಾಡಿದವರು, ಅವರಿಗೆ ಇಂಗ್ಲಿಷಿನಲ್ಲೇ ಒಂದು ಬೀಳ್ಕೊಡುಗೆ ಪದ್ಯ ಓದಬೇಕು ಅಂತ ಸ್ಟಾಫ್ ರೂಮಿನಲ್ಲಿ ಯಾರೋ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಐದು, ಆರು, ಏಳನೇ ತರಗತಿಗೆ ಇಂಗ್ಲಿಷ್ ತೆಗೆದುಕೊಳ್ಳುತ್ತಿದ್ದವನು ನಾನು. ಆಗಲ್ಲ ಅನ್ನಬಹುದಿತ್ತು, ಅನ್ನಲಿಲ್ಲ. ಯಾಕೆಂದರೆ ನನ್ನ ಹತ್ತಿರ ವಾಕರ್ ಇದ್ದ.

ವಾಕರ್ ಅಂದರೆ ಪುಸ್ತಕ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ನಲವತ್ತು ರೂಪಾಯಿಗೆ ಸಿಕ್ಕಿದ್ದು, ಬೆನ್ನು ಕಿತ್ತುಹೋಗಿತ್ತು. ಜಾನ್ ವಾಕರ್ ಎಂಬಾತ 1775ರಲ್ಲಿ ಲಂಡನ್ನಿನಲ್ಲಿ ಮೊದಲು ಹೊರತಂದ ಪ್ರಾಸಕೋಶ ಅದು. ಆತ ಮೊದಲು ನಾಟಕದ ನಟ, ಆಮೇಲೆ ಉಚ್ಚಾರ ಕಲಿಸುವ ಮೇಷ್ಟ್ರು. ಅವನು ಪದಗಳನ್ನು ಬಾಲದಿಂದ ಜೋಡಿಸಿದ. ಮಾಮೂಲಿ ನಿಘಂಟು ತಲೆ ನೋಡಿ ಸಾಲು ಮಾಡಿದರೆ ಇದು ಬಾಲ ನೋಡಿ ಸಾಲು ಮಾಡುತ್ತದೆ. ಎ ಅಕ್ಷರದಲ್ಲಿ ಮುಗಿಯುವ ಪದಗಳು ಮೊದಲು, ಝಡ್‌ನಲ್ಲಿ ಮುಗಿಯುವವು ಕೊನೆಗೆ. ಹಾಗಾಗಿ ಒಂದೇ ರೀತಿ ಮುಗಿಯುವ ಪದಗಳೆಲ್ಲ ಒಂದೇ ಕಡೆ, ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದ ದನಗಳ ಹಾಗೆ ಸಿಗುತ್ತವೆ. ಒಂದೇ ರೀತಿ ಅಂದರೆ ಸ್ಪೆಲಿಂಗ್ ಲೆಕ್ಕದಲ್ಲಿ. ಆ ಲೆಕ್ಕ ನನಗೆ ಬಹಳ ಹಿಡಿಸಿತ್ತು. ವಾಕರ್ ಮಾತ್ರ ಹುಷಾರಿ ಮನುಷ್ಯ: ಪಕ್ಕಾ ಪ್ರಾಸ ಯಾವುದು, ನಡೆದರೆ ನಡೆಯಲಿ ಅನ್ನುವ ಪ್ರಾಸ ಯಾವುದು ಅಂತ ಬೇರೆಯೇ ಪಟ್ಟಿ ಮಾಡಿಟ್ಟಿದ್ದ. ನನಗೆ ಅದನ್ನೆಲ್ಲ ಓದುವ ತಾಳ್ಮೆ ಇರಲಿಲ್ಲ.

ಎರಡು ರಾತ್ರಿ ಕೂತು ಇಪ್ಪತ್ತು ಸಾಲು ಹೊಸೆದೆ. 'ಡಿಯರ್'ಗೆ 'ಬೇರ್' ಹಾಕಿದೆ. ಎರಡರ ಬಾಲವೂ ಇ ಎ ಆರ್. 'ಗ್ರೇಟ್'ಗೆ 'ಸೀಟ್' ಹಾಕಿದೆ, ನಾಯಕ ದೊಡ್ಡವನು, ಕುರ್ಚಿ ಖಾಲಿ ಎಂಬ ಭಾವದಲ್ಲಿ. 'ಲವ್'ಗೆ 'ಮೂವ್', 'ಕಮ್'ಗೆ 'ಹೋಮ್'. ಕೊನೆಯ ಎರಡು ಸಾಲಿಗೆ 'ಚಿಯರ್' ಬಂದು ಕೂತಿತು, ಅದಕ್ಕೊಂದು ಜೊತೆ ಬೇಕಿತ್ತು. ಹಾಳೆ ತಿರುವುತ್ತಿದ್ದಾಗ 'ಬಿಯರ್' ಕಣ್ಣಿಗೆ ಬಿತ್ತು. ಬಿ, ಐ, ಇ, ಆರ್. ಕುಡಿಯುವ ಬಿಯರಿನ ಸ್ಪೆಲಿಂಗ್ ಬೇರೆ, ಅಷ್ಟು ನನಗೂ ಗೊತ್ತು. ಇದು ಎಲ್ಲೋ ಓದಿದ ಪದ. ಯಾವುದೋ ಹಳೇ ಕಥೆಯಲ್ಲಿ ಒಬ್ಬ ರಾಜನನ್ನು ಅದರ ಮೇಲೆ ಇಟ್ಟು, ಹೂವು ಹೊದಿಸಿ, ನಾಲ್ವರು ಹೆಗಲು ಕೊಟ್ಟು, ಊರೆಲ್ಲ ಹಿಂದೆ ನಡೆಯುತ್ತದೆ. ಪಲ್ಲಕ್ಕಿಯಲ್ಲದೆ ಇನ್ನೇನು? ನಿಘಂಟು ಮೇಜಿನ ಮೇಲೇ ಇತ್ತು. ಕೈಚಾಚಲಿಲ್ಲ.

ಪದ್ಯದ ಕೊನೆ ಹೀಗಾಯಿತು: 'ವಿ ಲಿಫ್ಟ್ ಯು ಹೈ ವಿತ್ ಸಾಂಗ್ ಅಂಡ್ ಚಿಯರ್, ಅಪಾನ್ ದಿಸ್ ಫ್ಲವರ್-ಕವರ್ಡ್ ಬಿಯರ್.' ಹಾಡುತ್ತ, ಜೈಕಾರ ಹಾಕುತ್ತ, ಹೂ ಹೊದಿಸಿದ ಈ ಚಟ್ಟದ ಮೇಲೆ ತಮ್ಮನ್ನು ಎತ್ತರಕ್ಕೆ ಎತ್ತುತ್ತೇವೆ.

ಸಭೆಯಲ್ಲಿ ಯಾರಿಗೂ ಚಟ್ಟ ಕೇಳಿಸಲಿಲ್ಲ. ಅದಕ್ಕೂ ಕುಡಿಯುವ ಬಿಯರಿಗೂ ಉಚ್ಚಾರ ಒಂದೇ, ಹಾಗಾಗಿ ಎಲ್ಲರಿಗೂ ಕೇಳಿಸಿದ್ದು ಕುಡಿಯುವ ಬಿಯರ್. ಏಳನೇ ತರಗತಿಯ ಹುಡುಗರಿಗೆ ಅಷ್ಟು ಹೊತ್ತು ಒಂದಕ್ಷರ ತಲೆಗೆ ಹೋಗಿರಲಿಲ್ಲ. ಈ ಪದ ಗೊತ್ತಿತ್ತು; ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯ ಬೋರ್ಡಿನಲ್ಲಿ ದಿನಾ ಓದುತ್ತಿದ್ದರು. ಹಿಂದಿನ ಸಾಲಿನಿಂದ ಒಂದು ಸಿಳ್ಳೆ ಬಂತು. ತೂಕಡಿಸುತ್ತಿದ್ದ ಎಸ್‌ಡಿಎಂಸಿ ಅಧ್ಯಕ್ಷರು ಎಚ್ಚರಾಗಿ ಚಪ್ಪಾಳೆ ತಟ್ಟಿದರು. ಕಾಫಿಯನ್ನೂ ಮುಟ್ಟದ ಹೆಡ್‌ಮಾಸ್ತರು ಪೇಟ ಸರಿಮಾಡಿಕೊಂಡರು. ಯಾರೋ 'ಒನ್ಸ್ ಮೋರ್' ಅಂದರು. ಪದ್ಯ ಗೆದ್ದಿತು ಅಂದುಕೊಂಡು ನಾನು ಕೊನೆಯ ಎರಡು ಸಾಲನ್ನು ಇನ್ನೊಮ್ಮೆ, ಇನ್ನೂ ರಾಗವಾಗಿ ಓದಿದೆ.

ಆಮೇಲೆ ಅದನ್ನೇ ಕಟ್ಟು ಹಾಕಿಸಿದ್ದ ಗಾಜಿನ ಫ್ರೇಮನ್ನು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದರು. ಕೊನೆಯ ಸಾಲಿನ ಹತ್ತಿರ ನಿಂತರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ.

ರಾತ್ರಿ ಗಣಿತದ ಮೇಷ್ಟ್ರು ಫೋನು ಮಾಡಿದರು. 'ಅಲ್ರೀ, ಬಿ ಐ ಇ ಆರ್ ಅಂದ್ರೇನು? ಎಚ್ಚೆಮ್ಮು ಗೇಟಿನ ಹತ್ರ ನನ್ನನ್ನ ಕೇಳಿದ್ರು, ಇವರಿಗೆ ಗೊತ್ತಿದ್ದೇ ಬರೆದಿದ್ದಾರಾ ಅಂತ.' ಆಗ ನಿಘಂಟು ತೆಗೆದೆ. ಓದಿದ ಮೇಲೆ ಲೈಟ್ ಆರಿಸಿ ಕೂತೆ. ಬಿಯರ್ ಅಂತ ನಕ್ಕಿದ್ದಕ್ಕೆ ಆದ ಅವಮಾನ ಒಂದು ತೂಕ. ಬದುಕಿರುವ ಮನುಷ್ಯನಿಗೆ, ಅವನ ಹೆಂಡತಿ ಮಕ್ಕಳ ಎದುರು, ಚಟ್ಟ ಕಟ್ಟಿ ಫ್ರೇಮು ಹಾಕಿಸಿ ಕೊಟ್ಟೆನಲ್ಲ, ಅದು ಬೇರೆಯೇ ತೂಕ.

ಭಾನುವಾರ ಅವರ ಮನೆಗೆ ಹೋದೆ. ಫ್ರೇಮು ಗೋಡೆಗೆ ಒರಗಿತ್ತು, ಗಾಜು ಪಕ್ಕದಲ್ಲಿ. ಹಾಳೆ ಹೊರಗೆ ತೆಗೆದು ಮೇಜಿನ ಮೇಲಿಟ್ಟುಕೊಂಡಿದ್ದರು, ಕೈಯಲ್ಲಿ ಪೆನ್ಸಿಲು. ರಿಟೈರಾಗಿ ಎರಡು ದಿನ ಆಗಿಲ್ಲ, ಆಗಲೇ ತಿದ್ದಲು ಪೇಪರು ಸಿಕ್ಕಿತ್ತು ಅವರಿಗೆ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. 'ಕೂತ್ಕೊಳ್ಳಿ, ಕಣ್ಣು ಮುಚ್ಚಿ' ಅಂದರು.

ಒಂದೊಂದೇ ಜೋಡಿ ಓದಿದರು. ಡಿಯರ್, ಬೇರ್. 'ಕೂಡ್ತಾ?' ಕೂಡಲಿಲ್ಲ. ಗ್ರೇಟ್, ಸೀಟ್. ಕೂಡಲಿಲ್ಲ. ಲವ್, ಮೂವ್. ಇಲ್ಲ. ಕಣ್ಣು ಮುಚ್ಚಿದ್ದರಿಂದ ಎಷ್ಟು ಸುಲಭವಾಗಿ ಗೊತ್ತಾಗುತ್ತಿತ್ತೆಂದರೆ ನನಗೇ ಭಯವಾಯಿತು. ಚಿಯರ್, ಬಿಯರ್. 'ಇದು?' ಕೂಡಿತು. 'ನೋಡಿ,' ಅಂದರು, 'ನೀವು ಸರಿಯಾಗಿ ಕೂಡಿಸಿದ ಜೋಡಿ ಇದೊಂದೇ. ಪ್ರಾಸ ಸರಿ ಬಂದಾಗ ಅರ್ಥ ಕೆಟ್ಟಿದೆ, ಅರ್ಥ ಸರಿ ಇದ್ದ ಕಡೆ ಪ್ರಾಸ ಕೆಟ್ಟಿದೆ.' ಆಮೇಲೆ ನನ್ನ ಮುಖ ನೋಡಿ ಕನಿಕರ ಬಂತೋ ಏನೋ, ಒಂದು ಸಮಾಧಾನ ಹೇಳಿದರು. ಬಿಯರ್ ಎಂಬ ಪದ 'ಬೇರ್' ಎಂಬ ಕ್ರಿಯಾಪದದ ನೆಂಟ. ಬೇರ್ ಅಂದರೆ ಹೊರು. ತಳ್ಳುಗಾಡಿಗೆ ಹೇಳುವ 'ಬ್ಯಾರೋ' ಕೂಡ ಅದೇ ಮನೆಯದು. 'ಹೊರುವ ಸಾಮಾನು ಅಂತ ನೀವು ಊಹಿಸಿದ್ದು ತಪ್ಪಲ್ಲ. ಎಲ್ಲಿಗೆ ಹೊರ್ತಾರೆ ಅನ್ನೋದು ಮಾತ್ರ ವಿಚಾರಿಸಲಿಲ್ಲ.'

ಹೆಂಡತಿ ಒಳಗಿನಿಂದ ನಕ್ಕಿದ್ದು ಕೇಳಿಸಿತು. ನಾನೂ ನಕ್ಕೆ. ಅಷ್ಟಕ್ಕೇ ಮುಗಿದಿದ್ದರೆ ಇದನ್ನು ನಾಲ್ಕು ಜನರಿಗೆ ಹೇಳಿ ನಗಿಸಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಅವರ ಪೆನ್ಸಿಲು ಇನ್ನೊಂದು ಸಾಲಿಗೆ ಇಳಿಯಿತು. ಕಮ್, ಹೋಮ್. 'ಇದು?'

ನಾನು ಮಾತಾಡಲಿಲ್ಲ. ಕಣ್ಣು ಮುಚ್ಚಿದ ಕತ್ತಲಲ್ಲಿ ಒಬ್ಬಳು ಹುಡುಗಿ ಉತ್ತರ ಪತ್ರಿಕೆ ಹಿಡಿದು ನಿಂತಿದ್ದಳು.

ಅದು ಹಿಂದಿನ ವರ್ಷದ ಅರ್ಧವಾರ್ಷಿಕ ಪರೀಕ್ಷೆ, ಆರನೇ ತರಗತಿ. ಪ್ರಾಸಪದ ಬರೆಯಿರಿ ಎಂಬ ಪ್ರಶ್ನೆ, ಒಂದೊಂದಕ್ಕೆ ಒಂದು ಅಂಕ. 'ಕಮ್' ಕೊಟ್ಟಿದ್ದೆ. ತರಗತಿಯ ಎಲ್ಲರೂ 'ಹೋಮ್' ಅಂತ ಬರೆದಿದ್ದರು, ಇಬ್ಬರು 'ಡೋಮ್'. ಎಲ್ಲಕ್ಕೂ ರೈಟ್ ಹಾಕಿದೆ. ಅವಳೊಬ್ಬಳು 'ಡ್ರಮ್' ಬರೆದಿದ್ದಳು. ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದೆ.

ಅವಳ ಅಪ್ಪ ಮದುವೆ ಬ್ಯಾಂಡ್‌ಸೆಟ್ಟಿನವರು. ಡ್ರಮ್ ಎಂಬ ಪದ, ಅದರ ಸ್ಪೆಲಿಂಗ್ ಸಮೇತ, ಅವಳಿಗೆ ಮನೆಯದೇ ಪದ. ಪೇಪರು ಕೊಟ್ಟ ದಿನ ನನ್ನ ಮೇಜಿನ ಹತ್ತಿರ ಬಂದು, ಒಂದು ಬೆರಳಿನಿಂದ ಮೇಜಿನ ಅಂಚು ತಟ್ಟುತ್ತ, 'ಸಾ, ಕಮ್, ಡ್ರಮ್. ಕಮ್, ಡ್ರಮ್' ಅಂದಳು. ಎರಡು ಸಲ. ತಾಳ ಸಮೇತ. ಇದಕ್ಕಿಂತ ಸ್ಪಷ್ಟವಾಗಿ ಯಾರಾದರೂ ಹೇಗೆ ಹೇಳಬೇಕು? ನಾನು ಹೇಳಿದ್ದು: 'ಸ್ಪೆಲಿಂಗ್ ನೋಡಮ್ಮ. ಓ ಎಂ ಇ ಎಲ್ಲಿದೆ?' ಅವಳು ಪೇಪರನ್ನು ನೋಡಿದಳು, ನನ್ನನ್ನು ನೋಡಿದಳು, ಹೋಗಿ ಕೂತಳು. ಮುಂದಿನ ಪರೀಕ್ಷೆಯಲ್ಲಿ ಅವಳೂ 'ಹೋಮ್' ಬರೆದಳು. ನಾನು ಅವಳಿಗೆ ವೆರಿಗುಡ್ ಅಂದೆ.

ನನ್ನ ಬಾಯಿ ದಿನಾ 'ಕಮ್' ಎನ್ನುತ್ತಿತ್ತು, 'ಹೋಮ್' ಎನ್ನುತ್ತಿತ್ತು. ಉಚ್ಚಾರ ತಪ್ಪಿರಲಿಲ್ಲ. ಕಿವಿ ಕೆಟ್ಟಿರಲಿಲ್ಲ. ಆದರೂ ಎರಡೂ ಕೂಡುತ್ತವೆ ಅಂತ ಹನ್ನೊಂದು ವರ್ಷ ಕಲಿಸಿದೆ. ಇಂಗ್ಲಿಷ್ ನನಗೆ ಕಿವಿಯಿಂದ ಬಂದ ಭಾಷೆಯೇ ಅಲ್ಲ. ಐದನೇ ತರಗತಿಯಲ್ಲಿ, ಕರಿಹಲಗೆಯ ಮೇಲಿಂದ, ಅಕ್ಷರ ಅಕ್ಷರವಾಗಿ ಇಳಿದದ್ದು. ಸಿ ಓ ಎಂ ಇ ಕಮ್, ಕಮ್ ಅಂದರೆ ಬಾ. ಜಿ ಓ ಗೋ, ಗೋ ಅಂದರೆ ಹೋಗು. ನಲವತ್ತು ಮಕ್ಕಳು ಒಟ್ಟಿಗೆ ಕಿರುಚುತ್ತಿದ್ದೆವು. ಅದರಲ್ಲಿ ಸ್ಪೆಲಿಂಗ್ ಇತ್ತು, ಅರ್ಥ ಇತ್ತು. ನಡುವಿನ ಆ 'ಕಮ್' ಎಂಬ ಸದ್ದು ಎರಡು ಗೂಟಗಳ ನಡುವಿನ ಹಗ್ಗ, ಅಷ್ಟೆ. ಅದನ್ನೇ ಕೇಳಿಸಿಕೋ ಅಂತ ಯಾರೂ ಹೇಳಿರಲಿಲ್ಲ.

ಕನ್ನಡವೂ ನನ್ನನ್ನು ಸ್ವಲ್ಪ ಕೆಡಿಸಿತ್ತು ಅನ್ನಬೇಕು. ಬರೆದ ಹಾಗೆ ಓದುವ ಲಿಪಿಯಲ್ಲಿ ಬೆಳೆದವನಿಗೆ ಕಣ್ಣು ಕಿವಿ ಬೇರೆ ಬೇರೆ ಸಾಕ್ಷಿ ಹೇಳುತ್ತವೆ ಅನ್ನುವುದೇ ಹೊಳೆಯುವುದಿಲ್ಲ. ಹೈಸ್ಕೂಲಿನಲ್ಲಿ ಛಂದಸ್ಸು ಕಲಿತಾಗ ಪ್ರಾಸ ಎಂದರೆ ಸಾಲಿನ ಎರಡನೇ ಅಕ್ಷರದ ವ್ಯಂಜನ. ಪಾದಪಾದಕ್ಕೂ ಅದೇ ವ್ಯಂಜನ ಬರಬೇಕು, ಸ್ವರ ಹೇಗಿದ್ದರೂ ನಡೆಯುತ್ತದೆ. ಅದರ ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ, ಅನುಸ್ವಾರ ಬಂದರೆ ವೃಷಭ. ಹೀಗೆ ಆರು ಪ್ರಾಣಿಗಳ ಒಂದು ಮೃಗಾಲಯವನ್ನೇ ಬಾಯಿಪಾಠ ಮಾಡಿದ್ದೆ. ಗೋವಿಂದ ಪೈಗಳು 1911ರಲ್ಲೇ ಈ ಕಟ್ಟು ಹರಿದು ಬರೆದಿದ್ದರೂ ನಮ್ಮ ಪರೀಕ್ಷೆಯನ್ನು ಅದು ಬಿಟ್ಟಿರಲಿಲ್ಲ. ಪುಸ್ತಕದಲ್ಲಿ ಎರಡನೇ ಅಕ್ಷರದ ಮೇಲೆ ಬೆರಳಿಟ್ಟು ಸರಸರ ಕೆಳಗಿಳಿದರೆ ಪ್ರಾಸ ಸಿಗುತ್ತಿತ್ತು. ಇಂಗ್ಲಿಷಿನ ರೈಮು ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಒತ್ತು ಬಿದ್ದ ಕೊನೆಯ ಸ್ವರದಿಂದ ಹಿಡಿದು ತುದಿಯವರೆಗಿನ ಸದ್ದು ಒಂದೇ ಆಗಬೇಕು, ಅದರ ಹಿಂದಿನ ವ್ಯಂಜನ ಬೇರೆಯಾಗಬೇಕು. ಸ್ವರವೇ ಜೀವ. ನಾನು ಅಲ್ಲಿಯೂ ಬೆರಳಿಟ್ಟುಕೊಂಡೇ ಇಳಿದೆ.

ಆ ಭಾನುವಾರದ ನಂತರ ಒಂದು ಹುಚ್ಚು ಹತ್ತಿತು. ಸಿಕ್ಕಿದ್ದನ್ನೆಲ್ಲ ಓದಿದೆ, ಬಹುಶಃ ನನ್ನ ಪದ್ಯಕ್ಕೆ ಎಲ್ಲಾದರೂ ಜಾಮೀನು ಸಿಕ್ಕೀತು ಅಂತ. ಅಲ್ಪಸ್ವಲ್ಪ ಸಿಕ್ಕಿತು ಕೂಡ. ಗ್ರೇಟ್–ಸೀಟ್ ಜೋಡಿಗೆ ದೊಡ್ಡವರ ಬೆಂಬಲವೇ ಇತ್ತು. ಸಾಮ್ಯುಯೆಲ್ ಜಾನ್ಸನ್ 1747ರಲ್ಲಿ ತನ್ನ ನಿಘಂಟಿನ ಯೋಜನೆ ಪ್ರಕಟಿಸಿದಾಗ ಲಾರ್ಡ್ ಚೆಸ್ಟರ್‌ಫೀಲ್ಡ್, 'ಗ್ರೇಟ್' ಪದ 'ಸ್ಟೇಟ್'ಗೆ ಕೂಡಬೇಕು ಅಂದನಂತೆ. ಸರ್ ವಿಲಿಯಂ ಯಂಗ್, ಅಲ್ಲ, 'ಸೀಟ್'ಗೆ ಕೂಡಬೇಕು, 'ಗ್ರೇಟ್' ಅನ್ನುವವನು ಐರ್ಲೆಂಡಿನವನೇ ಸರಿ ಅಂತ ಹೇಳಿಕಳಿಸಿದನಂತೆ. ಒಬ್ಬ ಲಾರ್ಡ್ಸ್ ಸಭೆಯ ಒಳ್ಳೆಯ ಮಾತುಗಾರ, ಇನ್ನೊಬ್ಬ ಕಾಮನ್ಸ್ ಸಭೆಯವನು. ಇಬ್ಬರ ಮಾತೂ ಹೊಂದಲಿಲ್ಲ ಅಂತ ಜಾನ್ಸನ್ ಹೇಳಿದ್ದನ್ನು ಅವನ ಜೀವನಚರಿತ್ರೆ ಬರೆದ ಬಾಸ್ವೆಲ್ ದಾಖಲಿಸಿದ್ದಾನೆ. ಇದನ್ನು ಓದಿದ ದಿನ ನಾನು ಎರಡು ಲೋಟ ಟೀ ಕುಡಿದೆ. ಆ ಟೀಯ ಕಥೆಯೂ ಹಾಗೇ. ಅಲೆಕ್ಸಾಂಡರ್ ಪೋಪ್ ಅದನ್ನು 'ಒಬೇ' ಎಂಬ ಪದಕ್ಕೆ ಪ್ರಾಸವಾಗಿ ಕೂಡಿಸಿದ್ದಾನೆ, ಆಗ ಅದು ಟೀ ಅಲ್ಲ, ಟೇ. ಶೇಕ್ಸ್‌ಪಿಯರ್ 'ಲವ್'ಗೆ 'ಪ್ರೂವ್' ಕೂಡಿಸಿದ್ದು ಅವನ ಕಾಲದ ಕಿವಿಗೆ ಸರಿಯಿತ್ತು. ನಮ್ಮ ಎಲ್‌ಕೆಜಿ ಮಕ್ಕಳು ಹಾಡುವ ಜ್ಯಾಕ್ ಅಂಡ್ ಜಿಲ್‌ನಲ್ಲಿ 'ವಾಟರ್'ಗೆ 'ಆಫ್ಟರ್' ಕೂಡುವುದು ಯಾಕೆಂದರೆ ಹಿಂದೆ ವಾಟರ್‌ನ ಮೊದಲ ಸ್ವರವೂ ಆಕಾರಕ್ಕೆ ಹತ್ತಿರವಿತ್ತು. ಆ ಒಂದು ಪ್ರಾಸ ಹಿಡಿದುಕೊಂಡೇ ಶಿಶುಗೀತೆಗಳನ್ನು ಸಂಗ್ರಹಿಸಿದ ಓಪಿ ದಂಪತಿ ಆ ಹಾಡು ಹದಿನೇಳನೇ ಶತಮಾನದ್ದಿರಬಹುದು ಅಂದರು. ಉಚ್ಚಾರ ನಡೆದುಹೋಗಿದೆ, ಸ್ಪೆಲಿಂಗ್ ಅಲ್ಲೇ ನಿಂತಿದೆ. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಕೂಟ ತಂದ. ಅಚ್ಚಿನ ಮೊಳೆಗಳು ಸ್ಪೆಲಿಂಗನ್ನು ನಿಧಾನವಾಗಿ ಹಿಡಿದು ನಿಲ್ಲಿಸಿದ ಆ ಒಂದೆರಡು ಶತಮಾನದಲ್ಲೇ ಜನರ ಬಾಯಲ್ಲಿ ದೀರ್ಘಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು.

ಹೀಗೆ ಜಾಮೀನು ಹುಡುಕುತ್ತ ಹೋದವನಿಗೆ 'ಕಮ್' ಸಿಕ್ಕಿತು. ಅಲ್ಲಿ ಸಿಕ್ಕಿದ್ದು ಜಾಮೀನಲ್ಲ.

ಹಳೆಯ ಇಂಗ್ಲಿಷಿನಲ್ಲಿ ಬರುವುದಕ್ಕೆ 'ಕುಮನ್' ಅನ್ನುತ್ತಿದ್ದರು. ಯು ಅಕ್ಷರವೇ ಇತ್ತು, ಓ ಇರಲಿಲ್ಲ. ಮಗನಿಗೆ 'ಸುನು', ಪ್ರೀತಿಗೆ 'ಲುಫು', ಕೆಲವು ಎಂಬುದಕ್ಕೆ 'ಸುಮ್'. ನಾರ್ಮನ್ನರು ಬಂದ ಮೇಲಿನ ಶತಮಾನಗಳಲ್ಲಿ ಲಿಪಿಕಾರರು ಬರೆಯುತ್ತಿದ್ದ ಒತ್ತೊತ್ತಾದ ಅಕ್ಷರದಲ್ಲಿ ಯು, ಎನ್, ಎಂ, ಐ ಎಲ್ಲವೂ ಬರೀ ನೆಟ್ಟನೆ ಗೀಟುಗಳು. 'ಮಿನಿಮಮ್' ಅಂತ ಬರೆದರೆ ಹದಿನೈದು ಗೀಟು ಸಾಲಾಗಿ ಬೇಲಿಯ ಹಾಗೆ ನಿಲ್ಲುತ್ತಿದ್ದವು, ಎಲ್ಲಿ ಯಾವ ಅಕ್ಷರ ಮುಗಿಯಿತು ಅಂತ ದೇವರಿಗೇ ಗೊತ್ತು. ಅದಕ್ಕೇ ಎಂ, ಎನ್, ವಿ ಪಕ್ಕದಲ್ಲಿ ಯು ಬಂದರೆ ಅದರ ಬದಲು ದುಂಡಗೆ ಒಂದು ಓ ಬರೆದುಬಿಡುವ ರೂಢಿ ಬಿತ್ತು. ಓದುವವನಿಗೆ ಅನುಕೂಲ, ಅಷ್ಟೆ. ಉಚ್ಚಾರ ಮುಟ್ಟಲಿಲ್ಲ. ಕಮ್, ಸಮ್, ಸನ್, ಲವ್, ಮಂಕ್, ಹನಿ, ಎಲ್ಲದರಲ್ಲೂ ಓ ವೇಷ ಹಾಕಿಕೊಂಡು ಕೂತಿರುವುದು ಆ ಯು. ಆಮೇಲೆ ಹದಿನೇಳನೇ ಶತಮಾನದ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಆ ಉಕಾರ ಅಕಾರದ ಕಡೆ ಜಾರಿತು: ಕುಮ್ ಹೋಗಿ ಕಮ್. ಅದರ ಜೊತೆಗೇ ಡ್ರಮ್ಮೂ ಜಾರಿತು. ಇಂಗ್ಲೆಂಡಿನ ಉತ್ತರದ ಊರುಗಳಲ್ಲಿ ಈಗಲೂ ಎರಡೂ ಜಾರಿಲ್ಲ, ಅಲ್ಲಿ 'ಕುಮ್', 'ಡ್ರುಮ್'. ಅಂದರೆ ಅಲ್ಲೂ ಕೂಡುತ್ತವೆ, ಇಲ್ಲೂ ಕೂಡುತ್ತವೆ.

'ಹೋಮ್' ಬೇರೆ ಜಾತಕ. ಅದು ಮೊದಲು 'ಹಾಮ್' ಇತ್ತು. ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಊರುಗಳ ಬಾಲದಲ್ಲಿ ಇನ್ನೂ ನೇತಾಡುತ್ತಿದೆ. ಕಮ್ಮೂ ಹೋಮೂ ಹುಟ್ಟಿನಿಂದಲೇ ಬೇರೆ ಬೇರೆ ಸದ್ದು. ಶೇಕ್ಸ್‌ಪಿಯರನ ಕಾಲಕ್ಕೆ ಹೋದರೂ ನನಗೆ ರಕ್ಷಣೆ ಇಲ್ಲ. ಕಣ್ಣಿನ ಅನುಕೂಲಕ್ಕೆ ಯಾರೋ ಎಂಟುನೂರು ವರ್ಷದ ಹಿಂದೆ ಬದಲಿಸಿದ ಒಂದು ಅಕ್ಷರವನ್ನು ನಂಬಿ ನಾನು ಅವಳ ಅಂಕ ಕಿತ್ತುಕೊಂಡಿದ್ದೆ. ಅವಳು ಬೆರಳಿನಿಂದ ಮೇಜು ತಟ್ಟಿ ಕೇಳಿಸಿದ್ದು ಆ ಲಿಪಿಕಾರ ಮುಚ್ಚಿಟ್ಟ ಯು.

ಇದೆಲ್ಲ ಗೊತ್ತಾಗುವ ಹೊತ್ತಿಗೆ ಅವಳು ನಮ್ಮ ಶಾಲೆಯಲ್ಲಿರಲಿಲ್ಲ. ಏಳನೇ ತರಗತಿ ಮುಗಿಸಿ ಹೋಗಿದ್ದಳು, ಬ್ಯಾಂಡ್‌ಸೆಟ್ಟಿನವರು ಮನೆ ಖಾಲಿ ಮಾಡಿ ಬೇರೆ ಊರಿಗೆ ಹೋಗಿದ್ದರು. ಇನ್ನೊಂದು ವಿಷಯ ಇಷ್ಟು ಹೊತ್ತು ಹೇಳದೆ ತಳ್ಳಿಕೊಂಡು ಬಂದೆ. 2006ರಲ್ಲಿ, ನನ್ನ ಸ್ವಂತ ದುಡ್ಡಿನಲ್ಲಿ, ಪೇಂಟರನ್ನು ಕರೆಸಿ ಶಾಲೆಯ ಹೊರಗೋಡೆಯ ಮೇಲೆ ಪ್ರಾಸಪದಗಳನ್ನು ಬರೆಸಿದ್ದೆ. ಹಳದಿ ಬಣ್ಣದ ಮೇಲೆ ನೀಲಿ ಆಯಿಲ್ ಪೇಂಟು, ಅಂಗೈ ಅಗಲದ ಅಕ್ಷರ. ಕಮ್–ಹೋಮ್, ಗುಡ್–ಫುಡ್, ಬಾಂಬ್–ಟೂಮ್, ಇಯರ್–ಬೇರ್. ಕೆಳಗೆ ಕನ್ನಡದಲ್ಲಿ ಅರ್ಥ. ಬಿಇಒ ಸಾಹೇಬರು ಬಂದಾಗ ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಸಿಕೊಂಡಿದ್ದೆ.

ತಪ್ಪು ಗೊತ್ತಾದ ಆ ಭಾನುವಾರದ ಮೇಲೂ ಮೂರು ವರ್ಷ ಅದೇ ಶಾಲೆಯಲ್ಲಿದ್ದೆ. ಗೋಡೆ ಅಳಿಸಲಿಲ್ಲ. ಅಳಿಸಿದರೆ ಯಾಕೆ ಅಂತ ಕೇಳುತ್ತಾರೆ. ಮಕ್ಕಳು ಕೇಳುತ್ತಾರೆ, ಅದಕ್ಕಿಂತ ಮೊದಲು ಗಣಿತದ ಮೇಷ್ಟ್ರು ಕೇಳುತ್ತಾರೆ. ಒಂದು ಮಳೆಗಾಲ ಚಾವಣಿ ಸೋರಿ ಗೋಡೆ ನೆನೆದಾಗ ಒಳಗೊಳಗೇ ಹಿಗ್ಗಿದೆ. ಆಯಿಲ್ ಪೇಂಟು ಜಗ್ಗಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಪ್ರಾಸಪದದ ಪ್ರಶ್ನೆ ಕೇಳುವುದನ್ನು ಬಿಟ್ಟೆ, ಅಷ್ಟು ಮಾಡಿದೆ. 'ಡ್ರಮ್' ಬರೆದವರಿಗೆ ಅಂಕ ಕೊಡಬೇಕಾದ ಸಂದರ್ಭವೇ ಬರದ ಹಾಗೆ ನೋಡಿಕೊಂಡೆ. 2012ರಲ್ಲಿ ವರ್ಗವಾಯಿತು.

ಕಳೆದ ಜೂನ್‌ನಲ್ಲಿ ಸೇವಾ ಪುಸ್ತಕದ ಒಂದು ಸಹಿಗೆ ಆ ಶಾಲೆಗೆ ಹೋಗಬೇಕಾಯಿತು. ಗೋಡೆಗೆ ಸುಣ್ಣ ಬಳಿದಿದ್ದರು. ಸುಣ್ಣದ ಕೆಳಗಿಂದ ನನ್ನ ನೀಲಿ ಅಕ್ಷರಗಳು ಚೆನ್ನಾಗಿಯೇ ಕಾಣುತ್ತಿದ್ದವು, ಅರ್ಥಗಳು ಮಾತ್ರ ಮುಚ್ಚಿಹೋಗಿದ್ದವು. ಹೊಸ ಹೆಡ್‌ಮೇಡಂಗೆ ಹೇಳಿದೆ, ಅದು ತಪ್ಪು, ನಾನೇ ಬರೆಸಿದ್ದು, ಅಳಿಸಿಬಿಡಿ. ಅವರು ನಕ್ಕು, 'ದಸರಾ ರಜೆಗೆ ಪೇಂಟರ್ ಬರ್ತಾನೆ ಬಿಡಿ ಸಾರ್, ಯಾರು ಓದ್ತಾರೆ ಅದನ್ನ' ಅಂದರು.

ಊಟದ ಗಂಟೆ ಹೊಡೆದಿತ್ತು, ಮಕ್ಕಳು ತಟ್ಟೆ ಹಿಡಿದು ಸಾಲು ನಿಂತಿದ್ದರು. ತರಗತಿಯೊಳಗಿಂದ ಒಂದು ತುಂಡು ಸೀಮೆಸುಣ್ಣ ತಂದೆ. 'ಹೋಮ್' ಮೇಲೆ ಗೀಟು ಎಳೆದು ಪಕ್ಕದಲ್ಲಿ ಡಿ, ಆರ್, ಯು, ಎಂ ಅಂತ ಬರೆದೆ. ಬಿಳಿ ಸುಣ್ಣದ ಮೇಲೆ ಬಿಳಿ ಸೀಮೆಸುಣ್ಣ, ಕಂಡೂ ಕಾಣದ ಹಾಗಿತ್ತು. ಇನ್ನೊಮ್ಮೆ ಒತ್ತಿ ಬರೆದೆ. ಬಸ್ಸು ಹತ್ತುವ ಹೊತ್ತಿಗೆ ಮಳೆ ಹಿಡಿಯಿತು.